ಕಾಯುವವರ ವಾಹನಕ್ಕೂ ಕಾಯಿದೆ ಒಂದೇ

ರಕ್ಷಿಸಬೇಕಾದುದೇ ಕೆಡಿಸಲು ತೊಡಗಿದರೆ ದೂರನ್ನು ಒಯ್ಯುವುದು ಯಾರ ಬಳಿಗೆ? ವಿಶ್ವಗುರು ಬಸವಣ್ಣನವರು ಕೆರೆಯ ಏರಿ, ಹೊಲದ ಬೇಲಿ, ಹೆತ್ತ ತಾಯಿ ಮೊದಲಾದ ನಿದರ್ಶನಗಳ ಮೂಲಕ ತಮ್ಮ ವಚನವೊಂದರಲ್ಲಿ ಎತ್ತಿದ ಪ್ರಶ್ನೆ ಇದು. ಹೊರಗಿನ ಶತ್ರುವಿನಿಂದ ಹಾನಿಯಾದರೆ ಒಳಗಿನವರ ಆಸರೆ ಉಂಟು. ಆಸರೆಯೇ ಹಾನಿಯಾದರೆ ಮೊರೆಯಿಡಲು ಸ್ಥಳವೇ ಉಳಿಯುವುದಿಲ್ಲವೆಂಬುದು ಆ ವಚನದ ತಾತ್ಪರ್ಯ. ಈ ಪ್ರಶ್ನೆಯನ್ನು ಎತ್ತಿದವರು ಅಧಿಕಾರದಿಂದ ದೂರ ನಿಂತವರಲ್ಲ. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರದ ಹೊಣೆಯನ್ನು ಹೊತ್ತಿದ್ದವರು. ಆದುದರಿಂದ ಅದು ಅಧಿಕಾರದಲ್ಲಿರುವವರು ಮೊದಲು ತಮಗೆ ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಆಗಿದೆ.

ಈ ತಾತ್ಪರ್ಯವನ್ನು ದಿನನಿತ್ಯದ ಒಂದು ಸಣ್ಣ ಸಂಗತಿಗೆ ಅನ್ವಯಿಸಿ ನೋಡಬಹುದು. ವಾಹನ ನಿಲ್ಲಿಸಬಾರದ ಸ್ಥಳದಲ್ಲಿ ಪೊಲೀಸ್ ವಾಹನವೇ ನಿಂತಿದ್ದರೆ ಅದಕ್ಕೂ ದಂಡದ ಚೀಟಿ ಬರೆಯಬೇಕೇ? ಇಷ್ಟು ಸಣ್ಣ ವಿಷಯಕ್ಕೆ ವಚನದ ಆಧಾರವೇಕೆ ಎಂದು ಕೆಲವರು ಕೇಳಬಹುದು. ಆದರೆ ಸಾಮಾನ್ಯ ಜನರಿಗೆ ಕಾಯಿದೆಯ ದರ್ಶನವಾಗುವುದು ಉಚ್ಚ ನ್ಯಾಯಾಲಯದ ತೀರ್ಪುಗಳಲ್ಲಿ ಅಲ್ಲ. ಸಂತೆಯ ದಿನ ರಸ್ತೆಯ ಬದಿಯಲ್ಲಿ. ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದಂತಹ ಹೋಬಳಿ ಕೇಂದ್ರಕ್ಕೆ ಸುತ್ತಲಿನ ಹಳ್ಳಿಗಳ ರೈತರು ಶೇಂಗಾ ಚೀಲಗಳೊಂದಿಗೆ ಬರುತ್ತಾರೆ. ಆಂಧ್ರದ ಗಡಿ ಅಲ್ಲಿಗೆ ಸಮೀಪವಿರುವುದರಿಂದ ಆ ಕಡೆಯ ವಾಹನಗಳೂ ಬರುತ್ತವೆ. ಇಂತಹ ಊರಿನಲ್ಲಿ ಒಬ್ಬ ರೈತನ ದ್ವಿಚಕ್ರ ವಾಹನಕ್ಕೆ ದಂಡ ಬಿದ್ದು, ಅದೇ ಸ್ಥಳದಲ್ಲಿ ಅದೇ ಹೊತ್ತಿನಲ್ಲಿ ಕೆಲಸವಿಲ್ಲದೆ ನಿಂತ ಸರ್ಕಾರಿ ಜೀಪಿಗೆ ಏನೂ ಆಗದಿದ್ದರೆ, ಆ ರೈತ ಕಲಿಯುವ ಪಾಠ ಸಂಚಾರ ನಿಯಮದ್ದಲ್ಲ. ನಿಯಮವೆಂಬುದು ಬಲವಿಲ್ಲದವರಿಗೆ ಮಾತ್ರ ಎಂಬ ಪಾಠ.

ಪೊಲೀಸರ ಕಡೆಯ ನ್ಯಾಯವನ್ನು ಮೊದಲು ಒಪ್ಪಿಕೊಳ್ಳುವುದು ಉಚಿತ. ಅಪಘಾತ ನಡೆದ ಸ್ಥಳಕ್ಕೆ ಧಾವಿಸಿದ ಜೀಪು ನಿಲುಗಡೆಯ ಗೆರೆಯನ್ನು ಹುಡುಕುತ್ತ ಸುತ್ತಬೇಕಾಗಿಲ್ಲ. ಫಾಲ್ಗುಣ ಮಾಸದಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ ರಥೋತ್ಸವಕ್ಕೆ ಲಕ್ಷಾಂತರ ಭಕ್ತರು ನೆರೆಯುವಾಗ, ಗೌರಸಮುದ್ರದ ಮಾರಮ್ಮನ ಜಾತ್ರೆಯಲ್ಲಿ ಜನಸಾಗರ ಸೇರುವಾಗ, ಪೊಲೀಸ್ ವಾಹನ ಜನರ ನಡುವೆಯೇ ನಿಲ್ಲಬೇಕಾಗುತ್ತದೆ. ಅಲ್ಲಿ ಅದು ನಿಲ್ಲುವುದು ಅಪರಾಧವಲ್ಲ, ಕಾಯಕ. ತುರ್ತು ಸೇವೆಯಲ್ಲಿರುವ ಅಗ್ನಿಶಾಮಕ ವಾಹನ, ಆಂಬುಲೆನ್ಸ್ ಹಾಗೂ ಪೊಲೀಸ್ ವಾಹನಗಳಿಗೆ ಸಂಚಾರ ನಿಯಮಗಳೂ ಆದ್ಯತೆಯನ್ನು ನೀಡಿವೆ. ಆದರೆ ಈ ಆದ್ಯತೆ ಸೇರುವುದು ತುರ್ತು ಕಾರ್ಯಕ್ಕೆ. ವಾಹನದ ಬಣ್ಣಕ್ಕೂ ಅಲ್ಲ, ಅದರಲ್ಲಿ ಕುಳಿತವರ ಪದವಿಗೂ ಅಲ್ಲ. ಕಾರ್ಯ ಮುಗಿದೊಡನೆ ಆದ್ಯತೆಯೂ ಮುಗಿಯಿತು. ಚಹಾ ಕುಡಿಯಲು, ಮನೆಯ ಸಾಮಾನು ಕೊಳ್ಳಲು, ಬಂಧುಗಳನ್ನು ಬಸ್ಸಿಗೆ ಹತ್ತಿಸಲು ನಿಂತ ಜೀಪು ಆ ಹೊತ್ತಿಗೆ ಇತರ ಎಲ್ಲ ವಾಹನಗಳಂತೆ ಒಂದು ವಾಹನ ಮಾತ್ರ.

ಈ ವಿಷಯದಲ್ಲಿ ದೇಶದ ಕಾಯಿದೆ ಮೌನವಾಗಿಲ್ಲ. ಇತರರಿಗೆ ಅಪಾಯವಾಗುವಂತೆ, ಅಡ್ಡಿಯಾಗುವಂತೆ ಸಾರ್ವಜನಿಕ ಸ್ಥಳದಲ್ಲಿ ವಾಹನವನ್ನು ಬಿಟ್ಟು ಹೋಗುವುದನ್ನು 1988ರ ಮೋಟಾರು ವಾಹನ ಕಾಯಿದೆಯ 122ನೆಯ ಕಲಮು ನಿಷೇಧಿಸುತ್ತದೆ. ಪಾದಚಾರಿ ಮಾರ್ಗದ ಮೇಲೆ, ಬಸ್ ನಿಲ್ದಾಣದ ಬಳಿ, ಶಾಲೆ ಮತ್ತು ಆಸ್ಪತ್ರೆಗಳ ಪ್ರವೇಶದ್ವಾರದಲ್ಲಿ ವಾಹನ ನಿಲ್ಲಿಸಬಾರದೆಂಬುದು ನಿಯಮ. 2019ರ ತಿದ್ದುಪಡಿಯ ನಂತರ 177ನೆಯ ಕಲಮಿನ ಸಾಮಾನ್ಯ ದಂಡ ಮೊದಲ ಸಲಕ್ಕೆ 500 ರೂಪಾಯಿಯವರೆಗೆ, ಮುಂದಿನ ತಪ್ಪುಗಳಿಗೆ 1,500 ರೂಪಾಯಿಯವರೆಗೆ ಏರಿತು. ಅದೇ ತಿದ್ದುಪಡಿಯಲ್ಲಿ ಸೇರಿದ 210ಬಿ ಕಲಮನ್ನು ಬಹಳ ಜನ ಅರಿಯರು. ಈ ಕಾಯಿದೆಯನ್ನು ಜಾರಿಗೊಳಿಸುವ ಅಧಿಕಾರವುಳ್ಳವರೇ ಅದನ್ನು ಮೀರಿದರೆ ಆ ತಪ್ಪಿನ ದಂಡದ ಎರಡರಷ್ಟನ್ನು ತೆರಬೇಕೆಂದು ಅದು ವಿಧಿಸುತ್ತದೆ. ಅಂದರೆ ರೈತನಿಗೆ 500 ರೂಪಾಯಿ ಬೀಳುವ ಕಡೆ ಪೊಲೀಸರಿಗೆ 1,000 ರೂಪಾಯಿ.

ಈ ಇಮ್ಮಡಿಯ ಹಿಂದೆ ಒಂದು ವಿವೇಕವಿದೆ. ಅರಿಯದೆ ಎಡವಿದವನಿಗೂ ಅರಿತು ಮೀರಿದವನಿಗೂ ಅಂತರವುಂಟು. ದಾರಿ ತೋರುವ ಹೊಣೆ ಹೊತ್ತವನು ದಾರಿ ತಪ್ಪಿದರೆ ತಪ್ಪು ಅವನೊಬ್ಬನಲ್ಲಿ ನಿಲ್ಲದೆ ಹಿಂದೆ ಬರುವವರಿಗೂ ಹರಡುತ್ತದೆ. ನುಡಿಗೆ ತಕ್ಕ ನಡೆಯನ್ನು ಶರಣರು ಮೊದಲು ನಿರೀಕ್ಷಿಸಿದ್ದು ಉಪದೇಶಿಸುವವರಿಂದಲೇ. 2019ರಲ್ಲಿ ಸಂಸತ್ತು ಬರೆದ ಈ ಕಲಮು ಬೇರೆ ದಾರಿಯಿಂದ ಬಂದು ಅದೇ ನೆಲೆಯನ್ನು ಮುಟ್ಟಿದೆ.

ಆದರೂ ಆಕ್ಷೇಪಗಳುಂಟು. ಪೊಲೀಸ್ ಜೀಪಿಗೆ ದಂಡ ಹಾಕಿದರೆ ಸರ್ಕಾರದ ಒಂದು ಜೇಬಿನ ಹಣ ಇನ್ನೊಂದು ಜೇಬಿಗೆ ಹೋಗುತ್ತದೆಯಷ್ಟೇ ಎಂಬುದು ಮೊದಲನೆಯದು. ಇಲಾಖೆಯ ಖಜಾನೆಯಿಂದ ದಂಡ ತೆತ್ತರೆ ಈ ಮಾತು ನಿಜ. ಆಗ ತೆತ್ತವರು ತೆರಿಗೆ ಕಟ್ಟುವ ಜನರೇ ಆಗುತ್ತಾರೆ. ಆದುದರಿಂದ ದಂಡ ವಾಹನವನ್ನು ಹಾಗೆ ನಿಲ್ಲಿಸಿದ ವ್ಯಕ್ತಿಯ ಸ್ವಂತ ಸಂಬಳದಿಂದ ಹೋಗಬೇಕು. ಇಲ್ಲಿ ಎರಡನೆಯ ತೊಡಕು ಎದುರಾಗುತ್ತದೆ. ಜೀಪನ್ನು ನಡೆಸುವವನು ಕೆಳಹಂತದ ಚಾಲಕ. ಇಲ್ಲೇ ನಿಲ್ಲಿಸು ಎಂದು ಹೇಳುವವರು ಮೇಲಧಿಕಾರಿ. ಆಜ್ಞೆ ಒಬ್ಬರದು, ದಂಡ ಇನ್ನೊಬ್ಬರದು ಎಂದಾದರೆ ಒಂದು ಅನ್ಯಾಯವನ್ನು ತೊಳೆಯಲು ಹೋಗಿ ಇನ್ನೊಂದನ್ನು ಮಾಡಿದಂತೆ. ಆಜ್ಞೆ ಮಾಡಿದವರೇ ದಂಡ ತೆರಬೇಕು. ಮಾಡಿದಷ್ಟೇ ಫಲವೆಂದು ಈ ಸೀಮೆಯ ಜನಕ್ಕೆ ಸಾರಿದವರು ತಿಪ್ಪೇರುದ್ರಸ್ವಾಮಿಗಳು. ಮಾಡದವನಿಗೆ ಫಲ ಹೊರಿಸುವುದು ಆ ಬೋಧನೆಗೆ ಹೊರತು.

ಮೂರನೆಯ ಆಕ್ಷೇಪವೇ ಗಟ್ಟಿಯಾದುದು. ಒಬ್ಬ ಕಾನ್‌ಸ್ಟೆಬಲ್ ತನ್ನ ಸಾಹೇಬರ ವಾಹನಕ್ಕೆ ಚೀಟಿ ಬರೆಯುವುದುಂಟೇ? ಇದಕ್ಕೆ ಉತ್ತರವಾಗಿ ದೆಹಲಿಯ ಒಂದು ಘಟನೆಯನ್ನು ನೆನೆಯಬಹುದು. 1982ರಲ್ಲಿ ಕನಾಟ್ ಪ್ಲೇಸ್ ಪ್ರದೇಶದಲ್ಲಿ ತಪ್ಪು ಸ್ಥಳದಲ್ಲಿ ನಿಂತಿದ್ದ, ಪ್ರಧಾನಿ ಇಂದಿರಾ ಗಾಂಧಿಯವರ ಕಚೇರಿಗೆ ಸೇರಿದ ಅಂಬಾಸಿಡರ್ ಕಾರನ್ನು ಸಬ್ ಇನ್‌ಸ್ಪೆಕ್ಟರ್ ನಿರ್ಮಲ್ ಸಿಂಗ್ ಎಂಬವರು ಕ್ರೇನಿನಿಂದ ಎಳೆಸಿಕೊಂಡು ಹೋದರು. ಆಗ ದೆಹಲಿಯ ಸಂಚಾರ ಪೊಲೀಸ್ ಉಪ ಆಯುಕ್ತರಾಗಿದ್ದ ಕಿರಣ್ ಬೇಡಿಯವರು ತಮ್ಮ ಕೈಕೆಳಗಿನ ಆ ಅಧಿಕಾರಿಯ ಬೆನ್ನಿಗೆ ನಿಂತರು. ಜನರ ಬಾಯಲ್ಲಿ ಇಂದು ಉಳಿದಿರುವುದು ಬೇಡಿಯವರ ಹೆಸರು. ಕಾರನ್ನು ಎಳೆಸಿದ ಕೈ ಮಾತ್ರ ಒಬ್ಬ ಸಬ್ ಇನ್‌ಸ್ಪೆಕ್ಟರರದು. ಕೆಳಗಿನವನಿಗೆ ಧೈರ್ಯ ಬರುವುದು ಮೇಲಿನವರ ನಡತೆಯಿಂದ.

ಈಗಿನ ಕಾಲದಲ್ಲಿ ಯಂತ್ರವೂ ಈ ಕಾರ್ಯಕ್ಕೆ ಒದಗಿದೆ. ಬೆಂಗಳೂರಿನ ರಸ್ತೆಗಳ ಕ್ಯಾಮೆರಾಗಳು ಕರ್ನಾಟಕದ ಮುಖ್ಯಮಂತ್ರಿಗಳ ಅಧಿಕೃತ ಕಾರಿನ ಮೇಲೆಯೂ ಏಳು ಉಲ್ಲಂಘನೆಗಳನ್ನು ದಾಖಲಿಸಿದ ಸಂಗತಿ 2025ರಲ್ಲಿ ಸುದ್ದಿಯಾಯಿತು. ಹೆಚ್ಚಿನವು ಸೀಟ್ ಬೆಲ್ಟ್ ಧರಿಸದ ತಪ್ಪುಗಳು. ಆ ದಂಡವನ್ನು, ಎಲ್ಲರಿಗೂ ಪ್ರಕಟಿಸಲಾಗಿದ್ದ ಅರ್ಧದಷ್ಟು ರಿಯಾಯಿತಿಯಲ್ಲಿ, ಕಟ್ಟಲಾಯಿತು. ಕ್ಯಾಮೆರಾ ಪದವಿಯನ್ನು ಕಾಣದು, ವಾಹನದ ಸಂಖ್ಯೆಯನ್ನು ಮಾತ್ರ ಕಾಣುತ್ತದೆ. ಹೋಬಳಿ ಮಟ್ಟದ ಊರಿನಲ್ಲಾದರೋ ಚೀಟಿ ಬರೆಯುವ ಕೈ ಮನುಷ್ಯನದೇ; ಆ ಕೈಗೆ ಅಂಜಿಕೆ ಉಂಟು, ದಾಕ್ಷಿಣ್ಯ ಉಂಟು.

ದಂಡವೊಂದರಿಂದಲೇ ಎಲ್ಲವೂ ಸರಿಹೋಗುವುದೇ ಎಂಬುದನ್ನು ವಿಚಾರಿಸಲು ಅಮೆರಿಕದ ನ್ಯೂಯಾರ್ಕ್ ನಗರದ ಅನುಭವ ನೆರವಾಗುತ್ತದೆ. ಅಲ್ಲಿ ವಿಶ್ವಸಂಸ್ಥೆಯಲ್ಲಿರುವ ನಾನಾ ದೇಶಗಳ ರಾಜತಾಂತ್ರಿಕರಿಂದ ನಿಲುಗಡೆಯ ದಂಡವನ್ನು ಬಲವಂತವಾಗಿ ವಸೂಲು ಮಾಡಲು ಬಹುಕಾಲ ಸಾಧ್ಯವಿರಲಿಲ್ಲ. ರೇಮಂಡ್ ಫಿಸ್ಮನ್ ಮತ್ತು ಎಡ್ವರ್ಡ್ ಮಿಗೆಲ್ ಎಂಬ ಅರ್ಥಶಾಸ್ತ್ರಜ್ಞರು 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 1997ರಿಂದ 2002ರವರೆಗೆ ಹೀಗೆ ಕಟ್ಟದೆ ಉಳಿದ ಚೀಟಿಗಳು 1,50,000ಕ್ಕೂ ಹೆಚ್ಚು. 2002ರಲ್ಲಿ, ದಂಡ ಕಟ್ಟದವರ ವಿಶೇಷ ಸಂಖ್ಯಾಫಲಕವನ್ನು ಕಿತ್ತುಕೊಳ್ಳುವ ಅಧಿಕಾರ ನಗರಕ್ಕೆ ಬಂದೊಡನೆ ಉಲ್ಲಂಘನೆಗಳು ಶೇಕಡಾ 98ರಷ್ಟು ಇಳಿದವು. ದಂಡ ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಆ ಅಧ್ಯಯನದ ಇನ್ನೊಂದು ಮುಖವನ್ನು ಶರಣಬಂಧುಗಳು ಗಮನಿಸಬೇಕು. ದಂಡದ ಭಯವೇ ಇಲ್ಲದ ಆ ವರ್ಷಗಳಲ್ಲಿಯೂ ಸ್ವೀಡನ್, ನಾರ್ವೆ ಮೊದಲಾದ ದೇಶಗಳವರ ಹೆಸರಿನಲ್ಲಿ ಬಾಕಿ ಉಳಿದ ಒಂದು ಚೀಟಿಯೂ ಇರಲಿಲ್ಲ. ಯಾರೂ ತಡೆಯದಿದ್ದಾಗ ತನ್ನನ್ನು ತಾನು ತಡೆದುಕೊಳ್ಳುವವನು ದಂಡಕ್ಕೆ ಮೇಲಾದವನು. ಎಲ್ಲರೂ ಆ ನೆಲೆಗೆ ಏರುವವರೆಗೆ ದಂಡ ಬೇಕು. ಅದು ಎಲ್ಲರಿಗೂ ಬೇಕು.

ಪರಶುರಾಂಪುರದಂತಹ ಊರಿನಲ್ಲಿ ಇದನ್ನು ನಡೆಗೆ ತರುವುದು ಕಷ್ಟವೇನಲ್ಲ. ನಿಲುಗಡೆಯ ಸ್ಥಳಗಳನ್ನು ಸ್ಥಳೀಯ ಸಂಸ್ಥೆಯೊಂದಿಗೆ ಸಮಾಲೋಚಿಸಿ ಗೊತ್ತುಪಡಿಸಲು ಮೋಟಾರು ವಾಹನ ಕಾಯಿದೆಯ 117ನೆಯ ಕಲಮು ಅವಕಾಶ ಕೊಟ್ಟಿದೆ. ಮೊದಲು ಫಲಕ ನೆಡಬೇಕು. ಫಲಕವಿಲ್ಲದ ಕಡೆ ರೈತನಿಗೆ ದಂಡ ಹಾಕುವುದೂ ನ್ಯಾಯವಲ್ಲ. ಪೊಲೀಸ್ ವಾಹನ ಕರ್ತವ್ಯದ ನಿಮಿತ್ತ ನಿಷೇಧಿತ ಸ್ಥಳದಲ್ಲಿ ನಿಂತರೆ ಆ ಕಾರಣವನ್ನೂ ಹೊತ್ತನ್ನೂ ಠಾಣೆಯ ದಾಖಲೆಯಲ್ಲಿ ಒಂದು ಸಾಲಿನಲ್ಲಿ ಬರೆದಿಡಲಿ. ಕಾರಣವಿದ್ದರೆ ಯಾವ ದೂರಿಗೂ ಆ ಸಾಲೇ ಉತ್ತರ, ಕಾರಣವಿಲ್ಲದಿದ್ದರೆ ದಂಡ. ಅದನ್ನು ಅದೇ ಠಾಣೆಯ ಸಿಬ್ಬಂದಿಯೇ ಬರೆಯಬೇಕೆಂದಿಲ್ಲ. ಚಿತ್ರದುರ್ಗದ ಪ್ರಾದೇಶಿಕ ಸಾರಿಗೆ ಕಚೇರಿಯ ಮೋಟಾರು ವಾಹನ ನಿರೀಕ್ಷಕರು ಬೇರೆ ಇಲಾಖೆಯವರು. ಅವರಿಗೆ ಸಾಹೇಬರ ಮುಖದಾಕ್ಷಿಣ್ಯದ ಹಂಗು ಕಡಿಮೆ.

ಭಕ್ತರ ಪಾಲಿಗೂ ಇಲ್ಲಿ ಒಂದು ಕರ್ತವ್ಯವಿದೆ. ಜಾತ್ರೆಯ ದಿನ ಮಠದ ಬಾಗಿಲಿಗೇ ಕಾರನ್ನು ತಂದು ನಿಲ್ಲಿಸಿ, ನಡೆದು ಬಂದ ವೃದ್ಧರಿಗೆ ದಾರಿ ಕಟ್ಟುವವರಿಗೆ ಪೊಲೀಸ್ ಜೀಪಿನ ತಪ್ಪನ್ನು ಎತ್ತಿ ಆಡುವ ಅಧಿಕಾರವಿಲ್ಲ. ಪರಿಚಿತ ಅಧಿಕಾರಿಗೆ ದೂರವಾಣಿ ಮಾಡಿ ತಮ್ಮ ದಂಡವನ್ನು ತಪ್ಪಿಸಿಕೊಳ್ಳುವವರಿಗೂ ಇಲ್ಲ. ತನ್ನ ದಂಡವನ್ನು ತಾನು ಕಟ್ಟಿ ರಸೀದಿ ಪಡೆದವನು ಮಾತ್ರ ತಲೆಯೆತ್ತಿ ಸಮಾನತೆಯನ್ನು ಕೇಳಬಲ್ಲ.

ಪೊಲೀಸ್ ವಾಹನಕ್ಕೆ ಚೀಟಿ ಅಂಟಿಸಿದರೆ ಇಲಾಖೆಯ ಗೌರವ ಕುಂದುತ್ತದೆಂಬ ಭೀತಿಗೆ ಆಧಾರವಿಲ್ಲ. ತಾನು ಹಾಕುವ ದಂಡವನ್ನು ತಾನೂ ತೆರುವ ಅಧಿಕಾರಿಯ ಮಾತಿಗೆ ಊರಿನಲ್ಲಿ ತೂಕ ಹೆಚ್ಚುತ್ತದೆ; ಮರುದಿನ ಆತ ಬರೆದ ಚೀಟಿಯನ್ನು ರೈತ ಗೊಣಗದೆ ಸ್ವೀಕರಿಸುತ್ತಾನೆ. ದೂರನ್ನು ಒಯ್ಯುವುದು ಯಾರ ಬಳಿಗೆ ಎಂಬ ಬಸವಣ್ಣನವರ ಪ್ರಶ್ನೆಗೆ, ಠಾಣೆಯ ಬಾಗಿಲಿಗೇ ಒಯ್ಯಬಹುದು, ಅಲ್ಲಿ ಕೇಳುವವರಿದ್ದಾರೆ ಎಂಬ ಉತ್ತರ ಆಗ ದೊರೆಯುತ್ತದೆ.