ಉರಿಯದ ಕೆಂಪು ದೀಪ

ಮಧುಗಿರಿಯ ನಮ್ಮ ಮನೆ ಮುಂದೆ ಒಂದು ಪ್ರೀಮಿಯರ್ ಪದ್ಮಿನಿ ನಿಂತಿರುತ್ತೆ. 1979ರ ಮಾಡೆಲ್, 1089 ಸಿಸಿ, ಸ್ಟೀರಿಂಗ್ ಪಕ್ಕದಲ್ಲೇ ಗೇರ್. ಅಪ್ಪ ಕೊರಟಗೆರೆ ಕಡೆಯ ಶಾಲೆಗೆ ಮೇಷ್ಟ್ರಾಗಿ ಓಡಾಡಿದ್ದು ಅದರಲ್ಲೇ. ನನ್ನನ್ನು ಹಾಸಿಗೆ, ಬಕೆಟ್ ಸಮೇತ ಇಂಜಿನಿಯರಿಂಗ್ ಹಾಸ್ಟೆಲ್ಲಿಗೆ ಬಿಟ್ಟು ಬಂದಿದ್ದೂ ಅದರಲ್ಲೇ.

ಹೋದ ತಿಂಗಳು ಅಮ್ಮ ಫೋನಲ್ಲಿ ಬೇರೇನೋ ಮಾತಾಡ್ತಾ ಒಂದು ವಿಷಯ ಬಾಯಿಬಿಟ್ಟರು. ಅಪ್ಪ ಪಾವಗಡದ ಶನಿಮಹಾತ್ಮನ ಗುಡಿಗೆ ಹೋಗಿ ವಾಪಸ್ ಬರುವಾಗ ಮಿಡಿಗೇಶಿ ಹತ್ತಿರ ಹೆಡ್‌ಲೈಟು ಮಂಕಾಗ್ತಾ ಬಂದು, ಕೊನೆಗೆ ಗಾಡಿಯೇ ನಿಂತುಹೋಯಿತಂತೆ. ಕತ್ತಲಲ್ಲಿ ಒಂದೂವರೆ ಗಂಟೆ ರಸ್ತೆ ಬದಿ ಒಬ್ಬರೇ ಕೂತಿದ್ದರಂತೆ. ಅದೇ ರಾತ್ರಿ ನಾನು ಬೆಂಗಳೂರಿಂದ ಫೋನ್ ಮಾಡಿದ್ದೆ. "ಚೆನ್ನಾಗಿದೀನಿ ಕಣೋ, ಈಗ ತಾನೆ ಊಟ ಆಯ್ತು" ಅಂದಿದ್ದರು!

ಶನಿವಾರ ಬೆಳಗ್ಗೆಯೇ ಊರಿಗೆ ಹೋದೆ. ಅಪ್ಪ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದರು. "ಮುಂದಿನ ತಿಂಗಳು ಆರ್‌ಸಿ ರಿನ್ಯೂವಲ್ ಬತ್ತದೆ. ಇನ್ನು ಐದು ವರ್ಷ ಯಾಕೆ, ಗುಜರಿಗೆ ಹಾಕೋಣ ಬಿಡು. ಎರಡು ವರ್ಷದಲ್ಲಿ ಮೂರು ಬ್ಯಾಟರಿ ತಿಂದೈತೆ."

ಮೂರು ಬ್ಯಾಟರಿ ಅಂದಾಗ ನನಗೆ ಚುರುಕ್ ಅಂತು. ಪ್ರತಿ ಸಲವೂ ನಾನು ಅಪ್ಪನಿಗೇ ಬೈದಿದ್ದೆ. "ಲೈಟ್ ಆಫ್ ಮಾಡೋದು ಮರೀತಿದೀಯ" ಅಂತ. ಯಾಕಂದ್ರೆ ನಾನು ಓಡಿಸಿದಾಗ ಆ ಗಾಡಿ ಯಾವತ್ತೂ ಕೈ ಕೊಟ್ಟಿರಲಿಲ್ಲ. ಶಿರಾ ದಾಟಿ ಹೈವೇಯಲ್ಲಿ ಹೋಗಿ ಬಂದರೂ ಮಾರನೇ ದಿನ ಒಂದೇ ಕೀಗೆ ಸ್ಟಾರ್ಟ್. ನಮ್ಮ ಆಫೀಸಲ್ಲಿ ಹೇಳ್ತೀವಲ್ಲ, "ನನ್ನ ಲ್ಯಾಪ್‌ಟಾಪಲ್ಲಿ ಸರಿಯಾಗೇ ಓಡ್ತಿದೆ" ಅಂತ, ಅದೇ ಕಥೆ. ಟೆಸ್ಟರ್‌ಗಳು ಇದನ್ನ ಕೇಳಿ ಯಾಕೆ ಹಲ್ಲು ಕಡೀತಾರೆ ಅಂತ ಅವತ್ತು ಅರ್ಥವಾಯಿತು.

ಮಲ್ಟಿಮೀಟರ್ ಹಿಡಿದು ಕೂತೆ. ಹಳೇ ಕಾರು ಇರೋರು ಈ ಲೆಕ್ಕ ನೆನಪಿಟ್ಟುಕೊಳ್ಳಿ. ರಾತ್ರಿಯೆಲ್ಲ ಸುಮ್ಮನೆ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆ ಅಂತ. 12.2 ಅಂದರೆ ಹತ್ತಿರ ಹತ್ತಿರ ಅರ್ಧ. ಇಂಜಿನ್ ಓಡುವಾಗ ಅದೇ ಬ್ಯಾಟರಿಯ ಮೇಲೆ 13.8ರಿಂದ 14.4ರ ಆಸುಪಾಸು ಬರಬೇಕು. ಬರಲಿಲ್ಲ ಅಂದರೆ ತಪ್ಪು ಬ್ಯಾಟರಿಯದ್ದಲ್ಲ. ಅದಕ್ಕೆ ಯಾರೂ ಊಟ ಹಾಕ್ತಿಲ್ಲ, ಅಷ್ಟೆ.

ನಮ್ಮದು ಇಂಜಿನ್ ಓಡುವಾಗ 12.1. ಹೆಡ್‌ಲೈಟ್ ಹಾಕಿದರೆ ಇನ್ನೂ ಕೆಳಕ್ಕೆ.

ಮೊದಲು ಬೆಲ್ಟ್ ನೋಡಿದೆ, ಬಿಗಿಯಾಗಿತ್ತು. ಟರ್ಮಿನಲ್ ಬಿಚ್ಚಿ ಉಜ್ಜಿದೆ. ಆಮೇಲೆ ಅರ್ಥಿಂಗ್. ಇಂಜಿನ್ ಓಡ್ತಾ, ಲೈಟ್ ಉರೀತಾ ಇರುವಾಗ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಇಂಜಿನ್ ಮೈಗೆ ಇಟ್ಟರೆ ಸೊನ್ನೆ ಹತ್ತಿರವೇ ಇರಬೇಕು. 0.2 ದಾಟಿದರೆ ಅರ್ಥಿಂಗ್ ಪಟ್ಟಿ ತುಕ್ಕು ಹಿಡಿದಿದೆ ಅಂತ ಅನುಮಾನ ಪಡಬೇಕು. ನಮ್ಮದರಲ್ಲಿ ಅದೂ ಸರಿ ಇತ್ತು.

ಬೇಜಾರಾಗಿ ಆಕ್ಸಿಲರೇಟರ್ ಜೋರಾಗಿ ಒತ್ತಿದೆ. ಮೀಟರ್ ತಟಕ್ಕನೆ 14.1ಕ್ಕೆ ಹಾರಿತು! ಕಾಲು ತೆಗೆದರೂ ಕೆಳಗಿಳಿಯಲಿಲ್ಲ. ಇಂಜಿನ್ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದೆ. ಮತ್ತೆ 12.1.

ಅಂದರೆ ಆಲ್ಟರ್ನೇಟರ್ ಕೆಟ್ಟಿಲ್ಲ, ನಿದ್ದೆ ಮಾಡ್ತಿದೆ. ನನ್ನ ಹೈವೇ ಸ್ಪೀಡಿಗೆ ಎದ್ದು ಕೂರುತ್ತೆ. ಅಪ್ಪ ಟಾಪ್ ಗೇರಲ್ಲಿ ಹಾಯಾಗಿ ನಲವತ್ತರಲ್ಲಿ ಹೋಗ್ತಾರೆ, ಆ ಜೋಗುಳಕ್ಕೆ ಏಳೋದೇ ಇಲ್ಲ.

ಏಳಿಸಬೇಕಾದವರು ಯಾರು? ಆಲ್ಟರ್ನೇಟರ್ ಒಳಗೆ ತಿರುಗೋದು ವಿದ್ಯುತ್ಕಾಂತ. ಅದು ಕಾಂತವಾಗಬೇಕಾದರೆ ಮೊದಲು ಒಂಚೂರು ಕರೆಂಟ್ ಹೊರಗಿಂದ ಸಿಗಬೇಕು, ಹಾಲಿಗೆ ಹೆಪ್ಪು ಹಾಕಿದ ಹಾಗೆ. ನಮ್ಮ ಗಾಡಿಯಲ್ಲಿ ಆ ಕರೆಂಟ್ ಬರೋದು ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜಿಂಗ್ ದೀಪದ ಮೂಲಕ. ಕೀ ಆನ್ ಮಾಡಿದಾಗ ಆ ದೀಪ ಉರೀಬೇಕು, ಇಂಜಿನ್ ಸ್ಟಾರ್ಟ್ ಆದ ಮೇಲೆ ಆರಬೇಕು. ಕೀ ತಿರುಗಿಸಿದೆ. ಆಯಿಲ್ ದೀಪ ಉರೀತು. ಅದರ ಪಕ್ಕದ್ದು ಉರಿಯಲಿಲ್ಲ.

"ಅಪ್ಪ, ಇದು ಯಾವಾಗಿಂದ ಉರೀತಿಲ್ಲ?"

"ಎರಡು ವರ್ಷ ಆಗಿರಬೇಕು. ಕೆಂಪು ದೀಪ ಉರೀಲಿಲ್ಲ ಅಂದ್ರೆ ಎಲ್ಲ ಚೆನ್ನಾಗೈತೆ ಅಂತ ಅಲ್ವೇನೋ?"

ಅಪ್ಪನದು ತಪ್ಪಲ್ಲ. ಈ ಗಾಡಿಗೆ ಮೊದಲಿದ್ದದ್ದು ಡೈನಮೋ. ಅದರ ಕಬ್ಬಿಣದಲ್ಲಿ ಉಳಿದಿರೋ ಕಾಂತಶಕ್ತಿಯೇ ಕೆಲಸ ಶುರು ಮಾಡಿಸಲು ಸಾಕು. ಅಲ್ಲಿ ಕೆಂಪು ದೀಪ ಬರೀ ಸುದ್ದಿ ಹೇಳೋ ದೀಪ. ಬಲ್ಬ್ ಸುಟ್ಟರೂ ಚಾರ್ಜಿಂಗ್ ನಿಲ್ಲಲ್ಲ. ಆಮೇಲೆ ಅಪ್ಪ ಡೈನಮೋ ತೆಗೆಸಿ ಆಲ್ಟರ್ನೇಟರ್ ಹಾಕಿಸಿದರು. ದೀಪದ ಕೆಲಸ ಬದಲಾಯಿತು, ಅದನ್ನ ಯಾರೂ ಅಪ್ಪನಿಗೆ ಹೇಳಿರಲಿಲ್ಲ.

ಸ್ಪೀಡೋಮೀಟರ್ ಹಿಂದಿಂದ ಬಲ್ಬ್ ಕಿತ್ತೆ. ಒಳಗಿನ ತಂತಿ ತುಂಡಾಗಿತ್ತು. ಬಸ್‌ಸ್ಟ್ಯಾಂಡ್ ಹತ್ತಿರ 20 ರೂಪಾಯಿಗೆ ಅದೇ ಅಳತೆಯ 3 ವಾಟಿನ ಬಲ್ಬ್ ಸಿಕ್ತು. ಇಲ್ಲಿ ಎಲ್‌ಇಡಿ ಹಾಕೋಕೆ ಹೋಗಬೇಡಿ, ಅದರಲ್ಲಿ ಹರಿಯೋ ಕರೆಂಟ್ ಸಾಲದೆ ಮತ್ತೆ ಇದೇ ಗೋಳು ಆಗಬಹುದು. ಇನ್ನೊಂದು ಮಾತು. ಇಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತು ಚಾರ್ಜಿಂಗ್ ಪರೀಕ್ಷೆ ಮಾಡೋ ಹಳೇ ಅಭ್ಯಾಸ ಕೆಲವರಿಗಿದೆ. ಆಲ್ಟರ್ನೇಟರ್ ಇರೋ ಗಾಡಿಯಲ್ಲಿ ಹಾಗೆ ಮಾಡಿದರೆ ವೋಲ್ಟೇಜ್ ಒಮ್ಮೆಲೇ ಏರಿ ಒಳಗಿನ ಡಯೋಡು, ರೆಗ್ಯುಲೇಟರ್ ಸುಟ್ಟುಹೋಗಬಹುದು.

ಬಲ್ಬ್ ಹಾಕಿ ಕೀ ತಿರುಗಿಸಿದೆ. ಕೆಂಪು ದೀಪ ಹತ್ತಿತು. ಸ್ಟಾರ್ಟ್ ಮಾಡಿದೆ, ಆರಿತು. ಮೀಟರ್ 14.1.

ಬ್ಯಾಟರಿಯನ್ನ ರಾತ್ರಿಯೆಲ್ಲ ಚಾರ್ಜರಿಗೆ ಹಾಕಿ, ಭಾನುವಾರ ಇಬ್ಬರೂ ಪಾವಗಡಕ್ಕೆ ಹೊರಟೆವು. ಓಡಿಸಿದ್ದು ಅಪ್ಪ, ಅದೇ ನಲವತ್ತರಲ್ಲಿ. ದಾರಿ ಮಧ್ಯೆ ಒಂಚೂರು ಆಂಧ್ರ ಹಾದು ಹೋಗಿ, ತಿರುಮಣಿಯ ಸೋಲಾರ್ ಪಾರ್ಕ್ ತನಕ ಹೋದೆವು. ಸುಮಾರು 13,000 ಎಕರೆ, 2,050 ಮೆಗಾವಾಟ್. ಕಣ್ಣು ಹಾಯುವಷ್ಟು ದೂರ ನೀಲಿ ಫಲಕ. ಅಪ್ಪ ಗಾಡಿ ನಿಲ್ಲಿಸಿ ನೋಡಿದರು. "ಇಷ್ಟೆಲ್ಲ ಕರೆಂಟಿನ ಪಕ್ಕದ ದಾರೀಲಿ ಬಂದು, ಮೂರು ವಾಟ್ ಇಲ್ಲದೆ ಕತ್ತಲಲ್ಲಿ ಕೂತಿದ್ದೆ ನೋಡು" ಅಂತ ನಕ್ಕರು. ವಾಪಸ್ ಬರೋವಾಗ ಕತ್ತಲಾಗಿತ್ತು. ಮಿಡಿಗೇಶಿ ದಾಟುವಾಗ ಹೆಡ್‌ಲೈಟ್ ಉರೀತಿತ್ತು, ನನ್ನ ತೊಡೆ ಮೇಲಿನ ಮೀಟರ್ 13.9 ತೋರಿಸ್ತಿತ್ತು. ಅಪ್ಪ ನಿಂತುಹೋಗಿದ್ದ ಜಾಗ ತೋರಿಸಿದರು. ಅಲ್ಲಿ ಒಂದು ಹುಣಸೆ ಮರ ಬಿಟ್ಟರೆ ಏನೂ ಇರಲಿಲ್ಲ.

"ಅವತ್ತು ಫೋನಲ್ಲಿ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಮತ್ತೆ ಬೈತಿದ್ದೆ" ಅಂದರು.

ನನ್ನ ಬಳಿ ಉತ್ತರ ಇರಲಿಲ್ಲ. ಆಫೀಸಲ್ಲಿ ಸರ್ವರ್‌ನಿಂದ ಅಲರ್ಟ್ ಬರದಿದ್ದರೆ, ಅಲರ್ಟ್ ಕಳಿಸೋ ವ್ಯವಸ್ಥೆಯೇ ಸತ್ತಿರಬಹುದಾ ಅಂತ ಮೊದಲು ನೋಡ್ತೀವಿ. ಮನೆಯ ವಿಷಯದಲ್ಲಿ ಮಾತ್ರ "ಚೆನ್ನಾಗಿದೀನಿ" ಅಂದ ತಕ್ಷಣ ಫೋನ್ ಇಟ್ಟುಬಿಡ್ತೀವಿ.

ಆರ್‌ಸಿ ರಿನ್ಯೂವಲ್‌ಗೆ ಕೊಟ್ಟಾಯಿತು. ಗುಜರಿಯ ಮಾತು ಮತ್ತೆ ಬಂದಿಲ್ಲ. ಮೊನ್ನೆ ಫೋನ್ ಮಾಡಿದಾಗ ಅಪ್ಪ ತಾವಾಗೇ ಹೇಳಿದರು, "ಎಡ ಮಂಡಿ ಒಂದು ವಾರದಿಂದ ನೋಯ್ತಾ ಐತೆ ಕಣೋ." ಈ ಶನಿವಾರ ಮತ್ತೆ ಊರಿಗೆ ಹೋಗ್ತಿದೀನಿ.