ಪೋಸ್ಟರ್‌ನಿಂದ ಕಾಣೆಯಾದ ನಾಯಕಿ

ಕನ್ನಡ ಸಿನಿಮಾ ಪೋಸ್ಟರ್‌ಗಳು ಈಗ ಮರ್ಯಾದೆ ಕಲಿತಿವೆ ಎಂದು ಸಮಾಧಾನ ಪಡುವವರಿದ್ದಾರೆ. ಎಂಬತ್ತು-ತೊಂಬತ್ತರ ದಶಕದಲ್ಲಿ ಊರ ಗೋಡೆಗಳ ಮೇಲೆ ರಾರಾಜಿಸುತ್ತಿದ್ದ, ಮಳೆಯಲ್ಲಿ ನೆನೆದ ನಾಯಕಿಯ ಚಿತ್ರಗಳು ಇಂದು ಕಡಿಮೆಯಾಗಿವೆ, ನಿಜ. ಆದರೆ ಆ ಜಾಗಕ್ಕೆ ಬಂದವರು ಯಾರು? ಗಡ್ಡ ಬಿಟ್ಟ ನಾಯಕ, ಅವನ ಕೈಯಲ್ಲೊಂದು ಆಯುಧ, ಬೆನ್ನ ಹಿಂದೆ ಹೊಗೆ. ನಾಯಕಿಯ ಮೈ ತೋರಿಸುವುದು ಕಡಿಮೆಯಾದ ಹಾಗೆ ನಾಯಕಿಯೂ ಕಾಣೆಯಾದಳು. ಇದನ್ನು ಸುಧಾರಣೆ ಎನ್ನಲು ನನಗೆ ಮನಸ್ಸು ಬಾರದು. ಟಿಕೆಟ್ ಕೊಳ್ಳುವವನು ಗಂಡಸೇ ಎಂಬ ಲೆಕ್ಕಾಚಾರ ಅಂದಿನ ಪೋಸ್ಟರ್‌ಗೂ ಇತ್ತು, ಇಂದಿನದಕ್ಕೂ ಇದೆ.

ಈ ಲೆಕ್ಕ ಮೊದಲಿನಿಂದ ಬಂದದ್ದಲ್ಲ. 1934ರ ನಮ್ಮ ಮೊದಲ ವಾಕ್ಚಿತ್ರದ ಹೆಸರೇ 'ಸತಿ ಸುಲೋಚನಾ'. 1961ರ 'ಕಿತ್ತೂರು ಚೆನ್ನಮ್ಮ' ಜನರ ನೆನಪಿನಲ್ಲಿ ಉಳಿದದ್ದು ಬಿ. ಸರೋಜಾದೇವಿಯವರ ಮುಖದಿಂದ, ಹತ್ತು ವರ್ಷದ ನಂತರ ಬಂದ 'ಶರಪಂಜರ' ಉಳಿದದ್ದು ಕಲ್ಪನಾ ಅವರ ಮುಖದಿಂದ. ಪುಟ್ಟಣ್ಣ ಕಣಗಾಲರ 'ಬೆಳ್ಳಿಮೋಡ', 'ಶರಪಂಜರ' ತ್ರಿವೇಣಿಯವರ ಕಾದಂಬರಿಗಳಿಂದ ಬಂದವು, 'ಗೆಜ್ಜೆಪೂಜೆ' ಎಂ.ಕೆ. ಇಂದಿರಾ ಅವರದು. ಆ ಕಾದಂಬರಿಗಳನ್ನು ಓದಿದ ಹೆಂಗಸರು ಮಧ್ಯಾಹ್ನದ ಆಟಕ್ಕೆ ಬರುತ್ತಾರೆಂಬುದು ನಿರ್ಮಾಪಕರಿಗೂ ಹಂಚಿಕೆದಾರರಿಗೂ ಗೊತ್ತಿತ್ತು. ಹಾಗೆಂದು ಅದನ್ನು ಸುವರ್ಣಯುಗ ಎಂದರೆ ಸುಳ್ಳಾದೀತು. ನಾಯಕಿ ಸತಿಯಾಗಬೇಕು, ಇಲ್ಲವೇ ಕಣ್ಣೀರು ಹಾಕಬೇಕು, ಎರಡೂ ಒಲ್ಲೆನೆಂದರೆ ಕ್ಯಾಬರೆ ಕುಣಿಯಬೇಕು. ಆದರೂ ಕಥೆ ಅವಳದ್ದು ಎಂಬುದನ್ನು ಗೋಡೆ ಒಪ್ಪಿಕೊಂಡಿತ್ತು.

ಇದಕ್ಕೆ ಗಾಂಧಿನಗರದ ಚಿತ್ರೋದ್ಯಮ ಕೊಡುವ ಉತ್ತರ ಗೊತ್ತಿರುವಂಥದ್ದೇ: ಮೊದಲ ದಿನ ಥಿಯೇಟರ್ ತುಂಬಿಸುವುದು ಹೀರೋ, ಹಣ ಹೂಡಿದವನು ಅವನ ಮುಖವನ್ನಲ್ಲದೆ ಇನ್ಯಾರ ಮುಖವನ್ನು ಹಾಕಬೇಕು? 2018ರ 'ಕೆಜಿಎಫ್' ದೇಶದ ಉದ್ದಗಲ ಓಡಿದ್ದು ಯಶ್ ಅವರಿಂದ ಎಂಬುದನ್ನು ಯಾರೂ ಅಲ್ಲಗಳೆಯಲಾರರು. (ಆ ಕಥೆಯನ್ನು ನಡೆಸುವುದು ತಾಯಿಗೆ ಕೊಟ್ಟ ಮಾತು ಎಂಬುದು ಬೇರೆ ವಿಷಯ.) ಆದರೆ ಹೆಣ್ಣಿನ ಮುಖಕ್ಕೆ ಮಾರುಕಟ್ಟೆ ಇಲ್ಲ ಎಂಬ ಮಾತು ನಿಲ್ಲುವುದಿಲ್ಲ. ಧಾರಾವಾಹಿಗಳ ಹೋರ್ಡಿಂಗ್‌ಗಳನ್ನು ನೋಡಿ. ಅಲ್ಲಿ ದೊಡ್ಡದಾಗಿ ಕಾಣುವುದು ಹೆಣ್ಣಿನ ಮುಖ. 'ಪುಟ್ಟಕ್ಕನ ಮಕ್ಕಳು' ಹಿರಿಯ ನಟಿ ಉಮಾಶ್ರೀ ಅವರನ್ನೇ ಮುಂದಿಟ್ಟು ಮನೆಮನೆ ತಲುಪಿತು. ತೊಂಬತ್ತರ ದಶಕದ ಕೊನೆಯಿಂದ ಮಹಿಳಾ ಪ್ರೇಕ್ಷಕರು ಥಿಯೇಟರ್ ಬಿಟ್ಟು ಟಿವಿ ಮುಂದೆ ಕುಳಿತರು, ಜಾಹೀರಾತಿನ ಹಣವೂ ಅವರನ್ನು ಹಿಂಬಾಲಿಸಿತು; ಅವರನ್ನು ವಾಪಸ್ ಕರೆಯುವ ಬದಲು ಚಿತ್ರರಂಗ ಹೆಣ್ಣಿನ ಮುಖವನ್ನು ಪೋಸ್ಟರ್‌ನಿಂದಲೇ ಅಳಿಸಿತು. ಮಾಲಾಶ್ರೀ 1989ರ 'ನಂಜುಂಡಿ ಕಲ್ಯಾಣ'ದ ನಂತರ ಕೆಲವು ವರ್ಷ ತಮ್ಮ ಹೆಸರಿನ ಮೇಲೆಯೇ ಚಿತ್ರ ಓಡಿಸಿದ್ದರು ಎಂಬುದನ್ನೂ ಮರೆತಿತು. ಖಾಕಿ ತೊಟ್ಟು, ಬಂದೂಕು ಹಿಡಿದು, ಹೀರೋನ ಠೀವಿಯನ್ನೇ ಎರವಲು ಪಡೆದ ಮೇಲೆ ಅವರಿಗೂ ಆ ಜಾಗ ಗಟ್ಟಿಯಾದದ್ದು, ಅದೂ ಹೇಳಬೇಕಾದ ಮಾತೇ.

'ಯು ಟರ್ನ್' (2016), 'ನಾತಿಚರಾಮಿ' (2018) ಬಂದವಲ್ಲ ಎನ್ನಬಹುದು. ಬಂದವು, 'ಮಹಿಳಾ ಪ್ರಧಾನ' ಎಂಬ ಹಣೆಪಟ್ಟಿಯೊಂದಿಗೆ. ನನ್ನ ತಕರಾರು ಇರುವುದು ನಾಯಕ, ನಾಯಕಿ ಇಬ್ಬರೂ ಇರುವ ದೊಡ್ಡ ಚಿತ್ರಗಳ ಮುಖ್ಯ ಪೋಸ್ಟರ್ ಬಗ್ಗೆ. ನಾಯಕಿಗೆ ಹುಟ್ಟುಹಬ್ಬದ ದಿನ ಬೇರೆಯಾಗಿ ಒಂದು ಪೋಸ್ಟರ್ ಸಿಗುತ್ತದೆ, ಶುಭಾಶಯ ಪತ್ರದಂತೆ. ಚಿತ್ರಮಂದಿರದ ಮುಂದೆ ನಿಲ್ಲುವುದು ಅದಲ್ಲ. ಹಿಂದೆ ಚಿತ್ರೀಕರಣದಲ್ಲಿ ತೆಗೆದ ಸ್ಟಿಲ್‌ಗಳನ್ನಿಟ್ಟುಕೊಂಡು ಪೋಸ್ಟರ್ ಮಾಡುತ್ತಿದ್ದರು, ಹಾಗಾಗಿ ತೆರೆಯ ಮೇಲಿದ್ದವರು ಅದರಲ್ಲಿ ಸಹಜವಾಗಿ ಬರುತ್ತಿದ್ದರು. ಈಗ ಹೀರೋನ ಹುಟ್ಟುಹಬ್ಬಕ್ಕೆ, ಕ್ಯಾಮೆರಾ ಚಾಲೂ ಆಗುವ ಮೊದಲೇ, 'ಫಸ್ಟ್ ಲುಕ್' ಹೊರಬೀಳುತ್ತದೆ. ಚಿತ್ರದ ಚಹರೆ ಅಲ್ಲಿಗೆ ತೀರ್ಮಾನವಾಗಿಬಿಡುತ್ತದೆ. ಎಷ್ಟೋ ಸಲ ಅಂದಿಗೆ ನಾಯಕಿಯ ಆಯ್ಕೆಯೇ ಆಗಿರುವುದಿಲ್ಲ.