ಗಡಿ ಕೇಳದ ಪರೀಕ್ಷೆ

ಸೆಟ್ಟೂರು, ಕುಂದುರ್ಪಿ, ಕಲ್ಯಾಣದುರ್ಗ ಕಡೆಯ ಕನ್ನಡದ ಹುಡುಗ ಹುಡುಗಿಯರೇ,

ಇಂಜಿನಿಯರಿಂಗ್ ಸೀಟು ಅಂದ ಕೂಡಲೇ ನಮಗೆ ನೆನಪಾಗೋದು ಸರ್ಟಿಫಿಕೇಟುಗಳ ಕಂತೆ. ಕರ್ನಾಟಕದ ಸಿಇಟಿಗೆ ಹೋದರೆ ಗಡಿನಾಡ ಕನ್ನಡಿಗರು ಅಂತ ರುಜುವಾತು ತೋರಿಸಬೇಕು. ಇತ್ತ ಆಂಧ್ರದಲ್ಲಿ ನಾವು ಭಾಷಾ ಅಲ್ಪಸಂಖ್ಯಾತರು. ಆದರೆ ಬಿ.ಟೆಕ್ ಆದ ಮೇಲೆ ಈ ರಗಳೆ ಇಲ್ಲದ ದಾರಿ ಒಂದಿದೆ: ಗೇಟ್ ಪರೀಕ್ಷೆ. ಬೆಂಗಳೂರಿನ ಐಐಎಸ್‌ಸಿ, ಐಐಟಿ, ಎನ್‌ಐಟಿಗಳು ಗೇಟ್ ಅಂಕದ ಮೇಲೆ ಎಂ.ಟೆಕ್ ಸೀಟು ಕೊಡುವಾಗ ನಿಮ್ಮೂರು ಯಾವ ರಾಜ್ಯದ್ದು ಅಂತ ನೋಡೋದಿಲ್ಲ. ಮೂರನೇ ವರ್ಷದಲ್ಲೇ ಬರೆಯಬಹುದು; ಅಂಕ ಮೂರು ವರ್ಷ ನಡೆಯುತ್ತದೆ.

ಇಸಿಇ, ಇಇಇ, ಸಿಎಸ್‌ಇ ಓದುತ್ತಿರುವವರು ಕಂಪ್ಯೂಟರ್ ಹಾರ್ಡ್‌ವೇರ್ ಕಡೆ ಒಮ್ಮೆ ನೋಡಿ. ಹಾರ್ಡ್‌ವೇರ್ ಅಂದ್ರೆ ಅಂಗಡಿ ಹಾಕ್ಕೊಂಡು ರಿಪೇರಿ ಮಾಡೋದು ಅಂತ ಮನೇಲಿ ಅಂದುಕೊಳ್ಳುತ್ತಾರೆ. ಎಂ.ಟೆಕ್‌ನಲ್ಲಿ ಕಲಿಯೋದು ಚಿಪ್ ವಿನ್ಯಾಸ. ಪ್ರೊಸೆಸರಿನೊಳಗೆ ಲೆಕ್ಕ ಹೇಗೆ ನಡೆಯಬೇಕು ಅನ್ನೋದನ್ನು ವೆರಿಲಾಗ್‌ನಲ್ಲಿ ಬರೆದು, ಎಫ್‌ಪಿಜಿಎ ಬೋರ್ಡಿನ ಮೇಲೆ ಓಡಿಸಿ, ತಪ್ಪು ಹುಡುಕಿ ತಿದ್ದಬೇಕು. ಫ್ಯಾಕ್ಟರಿಯಿಂದ ಹೊರಬಂದ ಚಿಪ್ಪನ್ನು ಸಾಫ್ಟ್‌ವೇರ್ ಥರ ಮತ್ತೆ ತಿದ್ದೋಕಾಗಲ್ಲ. ಅದಕ್ಕೇ ಮೊದಲೇ ಪರಿಶೀಲಿಸಬಲ್ಲವರಿಗೆ ಇಲ್ಲಿ ಬೆಲೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಬೆಂಗಳೂರಿಗೆ ಬಂದು ಈ ಕೆಲಸಕ್ಕೆ ದಾರಿ ಹಾಕಿತು. ಐಐಟಿ ಮದ್ರಾಸ್‌ನವರು ‘ಶಕ್ತಿ’ ಅನ್ನೋ ಪ್ರೊಸೆಸರನ್ನೇ ರೂಪಿಸಿದ್ದಾರೆ.

ದುಡ್ಡಿನ ಮಾತಿಗೆ ಬರೋಣ. ಎಐಸಿಟಿಇ ಯೋಜನೆಯಲ್ಲಿ ಗೇಟ್ ಮೂಲಕ ಪೂರ್ಣಾವಧಿ ಎಂ.ಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ, 24 ತಿಂಗಳವರೆಗೆ ಸಿಗುತ್ತದೆ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದಲ್ಲಿ 7.5 ಲಕ್ಷದವರೆಗೆ ಆಸ್ತಿ ಅಡ ಇಡಬೇಕಿಲ್ಲ. ಕಂತು ಶುರುವಾಗೋದು ಓದು ಮುಗಿದು ಒಂದು ವರ್ಷದ ಮೇಲೆ. ಶೇಂಗಾ ಕೈಕೊಟ್ಟ ವರ್ಷ ಅಪ್ಪನ ಹೊಲದ ಮೇಲೆ ಕೈಸಾಲ ಎತ್ತುವ ಮೊದಲು ಇದನ್ನು ಕೇಳಿ ತಿಳಿದುಕೊಳ್ಳಿ. ಗೇಟ್ ಇಲ್ಲದೆ ಫೀಸು ಕಟ್ಟಿ ಸೇರುವುದಾದರೆ, ಲ್ಯಾಬಿನಲ್ಲಿ ಚಿಪ್ ವಿನ್ಯಾಸದ ಸಾಫ್ಟ್‌ವೇರ್ ಇದೆಯಾ, ಬೋರ್ಡುಗಳಿವೆಯಾ ಅಂತ ಕಣ್ಣಾರೆ ನೋಡಿಯೇ ದುಡ್ಡು ಕಟ್ಟಿ.

ಪರೀಕ್ಷೆ ಇಂಗ್ಲಿಷಿನಲ್ಲಿ, ನಿಜ. ಹಾಗಂತ ಹಿಂಜರಿಯಬೇಡಿ. ಐಐಟಿ, ಐಐಎಸ್‌ಸಿ ಮೇಷ್ಟ್ರುಗಳ ಎನ್‌ಪಿಟಿಇಎಲ್ ಪಾಠಗಳನ್ನು ಪುಕ್ಕಟೆ ನೋಡಬಹುದು. ಕೆಲವಕ್ಕೆ ಕನ್ನಡ ಅನುವಾದವೂ ಇದೆ. ಅರ್ಜಿ ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ, ಪರೀಕ್ಷೆ ಫೆಬ್ರವರಿಯಲ್ಲಿ. ಮೀಸಲಾತಿ ಇರುವವರು ಕೇಂದ್ರದ ನಮೂನೆಯ ಸರ್ಟಿಫಿಕೇಟನ್ನು ಈಗಲೇ ತಹಸೀಲ್ದಾರ್ ಕಚೇರಿಯಲ್ಲಿ ಮಾಡಿಸಿಡಿ.

ಗಡಿನಾಡ ಹಕ್ಕಿಗಾಗಿ ನಮ್ಮ ಹೋರಾಟ ನಿಲ್ಲೋದಿಲ್ಲ. ಅದು ಮುಗಿಯಲಿ ಅಂತ ನೀವು ಕಾಯೋದು ಮಾತ್ರ ಬೇಡ.